ಗ್ರಹಾಂ ಬೆಲ್ ಹುಡುಕಿದ ಗುಂಡು

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಟೆಲಿಫೋನು. ಶಾಲೆಯ ಪುಸ್ತಕದಲ್ಲಿ ಗಡ್ಡದ ಫೋಟೋ, ಕೆಳಗೆ ಒಂದು ಸಾಲು, ಪರೀಕ್ಷೆಯಲ್ಲಿ ಒಂದು ಮಾರ್ಕು. ಅಲ್ಲಿಗೆ ಬೆಲ್ ಮುಗೀತು. ನಮಗೂ ಅಷ್ಟೇ ಗೊತ್ತಿತ್ತು, ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ಮೆಟಲ್ ಡಿಟೆಕ್ಟರ್ ಮಾಡೋಣ ಅಂತ ಹೊರಡುವ ತನಕ.

ಲ್ಯಾಬಿನಲ್ಲಿ ಯಂತ್ರ ಚೆನ್ನಾಗಿಯೇ ಇತ್ತು. ಪ್ಲೈವುಡ್ ಹಲಗೆಯ ಮೇಲೆ ಎರಡು ಕಾಯಿಲ್, ಒಂದು ಆಂಪ್ಲಿಫೈಯರ್, ಒಂದು ಹಳೇ ಹೆಡ್‌ಫೋನ್. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಹತ್ತಿರ ತಂದರೆ ಕುಂಯ್ ಅನ್ನುತ್ತಿತ್ತು, ದೂರ ಒಯ್ದರೆ ಸುಮ್ಮನಾಗುತ್ತಿತ್ತು. ಭಾನುವಾರ ಅದನ್ನು ಸಂಜಯನಗರದ ಒಂದು ಖಾಲಿ ಸೈಟಿಗೆ ಒಯ್ದೆವು. ಮನೆಗೆ ಪಾಯ ತೋಡಿ ಕೆಮ್ಮಣ್ಣು ಗುಡ್ಡೆ ಹಾಕಿದ್ದರು. ಗುಂಡನ್ನು ಮಣ್ಣಲ್ಲಿ ಹೂತು ಕಾಯಿಲನ್ನು ನೆಲದ ಹತ್ತಿರ ತಂದಿದ್ದೇ ತಡ, ಎಲ್ಲಿ ಇಟ್ಟರೂ ಕುಂಯ್. ಗುಂಡಿದ್ದ ಕಡೆಯೂ ಕುಂಯ್, ಇಲ್ಲದ ಕಡೆಯೂ ಕುಂಯ್. ಪಾಯದ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ನಿಧಿ ಏನಾದ್ರೂ ಸಿಕ್ತಾ ಅಂತ ವಿಚಾರಿಸಿ ನಕ್ಕು ಹೋದರು.

ಆಮೇಲೆ ಗೊತ್ತಾಯಿತು, ಇದೇ ಗೋಳನ್ನು 1881ರಲ್ಲಿ ಬೆಲ್ ಅನುಭವಿಸಿದ್ದ ಅಂತ. ಅವನ ಕಾಯಿಲ್ ಕೆಳಗಿದ್ದದ್ದು ಸೈಟಿನ ಮಣ್ಣಲ್ಲ, ಅಮೆರಿಕದ ರಾಷ್ಟ್ರಪತಿ. ಮಂಚದ ಸ್ಪ್ರಿಂಗಿನಿಂದಾಗಿ ಬೆಲ್‌ನ ಯಂತ್ರ ಸೋತಿತು ಅನ್ನೋ ಕಥೆ ಎಲ್ಲ ಕಡೆ ಸಿಗುತ್ತೆ. ನಾವೂ ನಮ್ಮ ಪ್ರಸೆಂಟೇಶನ್ನಿನ ಮೊದಲ ಸ್ಲೈಡಿನಲ್ಲಿ ಅದನ್ನೇ ಹಾಕಿದ್ದೆವು. ಬೆಲ್ ತಾನೇ ಬರೆದ ವರದಿ ಓದಿದ ಮೇಲೆ ಆ ಸ್ಲೈಡ್ ತೆಗೆಯಬೇಕಾಯಿತು. ಈ ಬರಹ ಆ ಸ್ಲೈಡಿನ ಬದಲಿಗೆ.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಮನೆಯ ಕಸುಬೇ ಮಾತು. ಅಜ್ಜ ಉಚ್ಚಾರಣೆ ಕಲಿಸುತ್ತಿದ್ದವರು. ಅಪ್ಪ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ಬಾಯಿ, ನಾಲಗೆ, ಗಂಟಲು ಹೇಗೆ ಆಡುತ್ತವೆ ಅನ್ನುವುದನ್ನೇ ಗುರುತುಗಳಲ್ಲಿ ಬರೆಯುವ ಒಂದು ಲಿಪಿ ಮಾಡಿದ್ದವರು. ಅಮ್ಮ ಎಲೈಜಾಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಆದರೂ ಪಿಯಾನೋ ನುಡಿಸುತ್ತಿದ್ದರು. ಹುಡುಗನಿಗೆ ಸದ್ದು ಅಂದರೆ ಬರೀ ಕೇಳುವ ವಸ್ತು ಆಗಿರಲಿಲ್ಲ. ಅದು ಎಲ್ಲಿಂದ ಹೊರಡುತ್ತೆ, ಯಾರಿಗೆ ತಲುಪಲ್ಲ, ಯಾಕೆ ತಲುಪಲ್ಲ ಅನ್ನೋದು ಮನೆಯೊಳಗಿನ ಪ್ರಶ್ನೆಯೇ ಆಗಿತ್ತು.

ಆ ಮನೆಗೆ ಕ್ಷಯ ನುಗ್ಗಿತು. 1867ರಲ್ಲಿ ತಮ್ಮ ಎಡ್ವರ್ಡ್ ಹೋದ, 1870ರಲ್ಲಿ ಅಣ್ಣ ಮೆಲ್ವಿಲ್. ಮೂವರು ಗಂಡುಮಕ್ಕಳಲ್ಲಿ ಉಳಿದವನು ಇವನೊಬ್ಬ, ಇವನ ಆರೋಗ್ಯವೂ ನೆಟ್ಟಗಿರಲಿಲ್ಲ. ಅಪ್ಪ ಅಮ್ಮ ಅದೇ ವರ್ಷ ಅವನನ್ನು ಕಟ್ಟಿಕೊಂಡು ಕೆನಡಾದ ಬ್ರಾಂಟ್‌ಫರ್ಡಿಗೆ ಹೊರಟರು. ಅಲ್ಲಿಂದ ಬೆಲ್ ಬಾಸ್ಟನ್ನಿಗೆ ಹೋಗಿ ಕಿವುಡ ಮಕ್ಕಳಿಗೆ ಮಾತು ಕಲಿಸತೊಡಗಿದ. ಹಗಲು ಪಾಠ, ರಾತ್ರಿ ತಂತಿ, ಬ್ಯಾಟರಿ. ಶಿಷ್ಯೆಯರಲ್ಲಿ ಒಬ್ಬಳು ಮೇಬಲ್ ಹಬರ್ಡ್. ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಕಳೆದುಕೊಂಡವಳು. 1877ರಲ್ಲಿ ಅವರಿಬ್ಬರ ಮದುವೆ ಆಯಿತು.

ಟೆಲಿಫೋನಿನ ಕಥೆ ನಿಮಗೆಲ್ಲ ಗೊತ್ತಿರೋದೇ. 1876ರ ಮಾರ್ಚ್ 7ಕ್ಕೆ ಪೇಟೆಂಟ್, ಮೂರು ದಿನ ಬಿಟ್ಟು ತಂತಿಯ ಆಚೆ ಸಹಾಯಕ ವಾಟ್ಸನ್ನಿಗೆ ಮಾತು ಕೇಳಿಸಿತು. ಆಮೇಲೆ ದುಡ್ಡು, ಹೆಸರು, ಸಾಲುಸಾಲು ಕೋರ್ಟು ಕೇಸು. ನಮಗೆ ಇಲ್ಲಿ ಬೇಕಿರೋದು ಅದರ ಬಾಲಂಗೋಚಿಯಂಥ ಒಂದು ಸಮಸ್ಯೆ. ಟೆಲಿಫೋನ್ ತಂತಿಯ ಪಕ್ಕದಲ್ಲೇ ಟೆಲಿಗ್ರಾಫ್ ತಂತಿ ಹೋಗುತ್ತಿತ್ತು. ಅದರ ಟಕಟಕ ಇದರೊಳಗೆ ಇಂಡಕ್ಷನ್‌ನಿಂದ ನುಗ್ಗಿ ಮಾತು ಕೆಡುತ್ತಿತ್ತು. ಎರಡು ತಂತಿಗಳನ್ನು ಸರಿಯಾಗಿ ಜೋಡಿಸಿದರೆ ಒಂದರಲ್ಲಿ ಹುಟ್ಟಿದ ಗದ್ದಲ ಇನ್ನೊಂದರ ಗದ್ದಲವನ್ನು ಹೊಡೆದುಹಾಕುತ್ತೆ, ರಿಸೀವರ್ ಸುಮ್ಮನಾಗುತ್ತೆ ಅನ್ನೋದನ್ನು ಬೆಲ್ ಕಂಡುಕೊಂಡ. ನಮ್ಮ ಹಾಸ್ಟೆಲಿನ ಲ್ಯಾನ್ ಕೇಬಲ್ ಒಳಗಿನ ಹೆಣೆದ ಜೋಡಿ ತಂತಿ ಇದೇ ಬೇರಿನದು, 1881ರಲ್ಲಿ ಅದರ ಪೇಟೆಂಟೂ ಅವನಿಗೇ ಸಿಕ್ಕಿತು. ಇದನ್ನೇ ತಿರುಗಿಸಿ ಯೋಚಿಸಿ. ಕಷ್ಟಪಟ್ಟು ಮೌನ ಮಾಡಿದ ಜೋಡಿಯ ಹತ್ತಿರ ಒಂದು ಲೋಹದ ಚೂರು ತಂದರೆ? ತೂಕ ತಪ್ಪುತ್ತೆ, ಸದ್ದು ಬರುತ್ತೆ. ಲಂಡನ್ನಿನಲ್ಲಿ ಡೇವಿಡ್ ಹ್ಯೂಸ್ 1879ರಲ್ಲಿ ಇಂಥ ತಕ್ಕಡಿಯನ್ನೇ ಮಾಡಿ ತೋರಿಸಿದ್ದ, ಅದಕ್ಕೆ ಇಂಡಕ್ಷನ್ ಬ್ಯಾಲೆನ್ಸ್ ಅಂತ ಹೆಸರು.

ಹೀಗಿರುವಾಗ 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲ್ವೆ ಸ್ಟೇಷನ್ನಿನಲ್ಲಿ ರಾಷ್ಟ್ರಪತಿ ಜೇಮ್ಸ್ ಗಾರ್ಫೀಲ್ಡ್ ಮೇಲೆ ಚಾರ್ಲ್ಸ್ ಗಿಟೋ ಅನ್ನುವವನು ಎರಡು ಗುಂಡು ಹಾರಿಸಿದ. ಒಂದು ತೋಳು ಸವರಿಕೊಂಡು ಹೋಯಿತು. ಇನ್ನೊಂದು ಬೆನ್ನಿನ ಬಲಗಡೆಯಿಂದ ಒಳಗೆ ಹೋಗಿ ಎಲ್ಲೋ ಕೂತಿತು. ಎಲ್ಲಿ ಅನ್ನೋದೇ ಪ್ರಶ್ನೆ. ಎಕ್ಸ್‌ರೇ ಬರಲು ಇನ್ನೂ 14 ವರ್ಷ ಇತ್ತು. ಡಾಕ್ಟರುಗಳು ಮಾಡಿದ್ದು ಒಂದೇ: ಗಾಯದೊಳಗೆ ಬೆರಳು ಹಾಕಿ, ಸಲಾಕಿ ಹಾಕಿ ತಡಕಾಡಿದ್ದು. ಕೈ ತೊಳೆಯಬೇಕು ಅಂತ ಲಿಸ್ಟರ್ ಯುರೋಪಿನಲ್ಲಿ ಹೇಳಿ ಎಷ್ಟೋ ವರ್ಷ ಆಗಿತ್ತು, ಅಮೆರಿಕದ ದೊಡ್ಡ ದೊಡ್ಡ ಡಾಕ್ಟರುಗಳು ಇನ್ನೂ ಅದನ್ನು ಒಪ್ಪಿರಲಿಲ್ಲ.

ವಿಜ್ಞಾನಿ ಸೈಮನ್ ನ್ಯೂಕೂಂಬ್ ವಿದ್ಯುತ್ತಿನಿಂದ ಗುಂಡು ಪತ್ತೆ ಮಾಡಬಹುದೇನೋ ಅಂದದ್ದು ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಬೆಲ್ ನೆರವಿಗೆ ಮುಂದೆ ಬಂದ. ಅವನಿಗಾಗ 34 ವರ್ಷ. ಹೆಂಡತಿ ತುಂಬು ಗರ್ಭಿಣಿ. ಅವಳನ್ನು ಬಿಟ್ಟು ವಾಷಿಂಗ್ಟನ್ನಿನ ತನ್ನ ಲ್ಯಾಬಿಗೆ ಬಂದು ಸಹಾಯಕ ಸಮ್ನರ್ ಟೇಂಟರ್ ಜೊತೆ ಹಗಲೂ ರಾತ್ರಿ ಕೂತ. ಒಂದು ಕಾಯಿಲ್‌ಗೆ ಬ್ಯಾಟರಿ, ಕರೆಂಟನ್ನು ಕ್ಷಣಕ್ಷಣಕ್ಕೂ ಕಡಿದು ಜೋಡಿಸುವ ಇಂಟರಪ್ಟರ್. ಇನ್ನೊಂದು ಕಾಯಿಲ್‌ಗೆ ಟೆಲಿಫೋನ್ ರಿಸೀವರ್. ಎರಡನ್ನೂ ಸದ್ದು ಅಳಿಯುವ ಹಾಗೆ ಹೊಂದಿಸಬೇಕು. ಮೀಟರ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಟ್ರಯೋಡ್ ಬರೋದೇ 25 ವರ್ಷ ಆದಮೇಲೆ. ಅಳೆಯುವ ಸಾಧನ ಅಂದರೆ ಬೆಲ್‌ನ ಕಿವಿ. ಸೀಸದ ಗುಂಡನ್ನು ಮಾಂಸದ ತುಂಡಿನೊಳಗೆ ಇಟ್ಟು ನೋಡಿದರು. ಅಂತರ್ಯುದ್ಧದಲ್ಲಿ ಗುಂಡು ತಿಂದು ಅದನ್ನು ಮೈಯೊಳಗೇ ಇಟ್ಟುಕೊಂಡು ಬದುಕಿದ್ದ ಮಾಜಿ ಸೈನಿಕನ ಮೇಲೂ ಪರೀಕ್ಷೆ ಮಾಡಿದರು. ಯಂತ್ರ ಕೆಲಸ ಮಾಡುತ್ತಿತ್ತು, ಗುಂಡು ಕೆಲವೇ ಇಂಚು ಆಳದಲ್ಲಿದ್ದರೆ.

ಮೊದಲ ಪ್ರಯತ್ನ ಜುಲೈ 26ರ ಸಂಜೆ, ಶ್ವೇತಭವನದಲ್ಲಿ. ರಿಸೀವರ್‌ನಲ್ಲಿ ಚಟಪಟ ಸದ್ದು, ಏನೂ ಸ್ಪಷ್ಟ ಇಲ್ಲ. ವಾಪಸ್ ಬಂದು ನೋಡಿದರೆ, ಸದ್ದು ಹೆಚ್ಚಿಸಲು ಕೊನೆಗಳಿಗೆಯಲ್ಲಿ ಸೇರಿಸಿದ್ದ ಕೆಪಾಸಿಟರ್‌ನ ಕನೆಕ್ಷನ್ ತಪ್ಪಾಗಿತ್ತು. ಡೆಮೋ ದಿನ ಬ್ರೆಡ್‌ಬೋರ್ಡಿನ ಒಂದು ವೈರ್ ಕೈಕೊಟ್ಟ ಅನುಭವ ಇರುವ ಯಾರಿಗೂ ಇಲ್ಲಿ ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ನಮ್ಮ ಡೆಮೋದಲ್ಲಿ ಹೋಗೋದು ಇಂಟರ್ನಲ್ ಮಾರ್ಕ್ಸು. ಅಲ್ಲಿ ಮಂಚದ ಮೇಲೆ ಒಬ್ಬ ಮನುಷ್ಯ ಜ್ವರದಲ್ಲಿ ಬೇಯುತ್ತಿದ್ದ.

ಎರಡನೇ ಪ್ರಯತ್ನ ಆಗಸ್ಟ್ 1ಕ್ಕೆ. ಹಾಸಿಗೆಯ ಸುತ್ತಮುತ್ತ ಲೋಹ ಇರಬಾರದು ಅನ್ನೋದನ್ನು ಬೆಲ್ ಮರೆತಿರಲಿಲ್ಲ. ಈ ಸಲ ಯಂತ್ರ ಸರಿ ಇತ್ತು. ಗುಂಡು ಬಲಗಡೆಯೇ ಇದೆ ಅಂತ ಮುಖ್ಯ ಡಾಕ್ಟರ್ ಬ್ಲಿಸ್ ನಂಬಿದ್ದರಿಂದ ಹುಡುಕಾಟವೂ ಹೆಚ್ಚಾಗಿ ಬಲಗಡೆಯೇ ನಡೆಯಿತು. ಅಲ್ಲಿ ಒಂದಷ್ಟು ಜಾಗದಲ್ಲಿ ಮಂದವಾದ ಸದ್ದು ಕೇಳಿಸಿತು. ಚುಕ್ಕಿಯಂತೆ ಒಂದು ಕಡೆ ಅಲ್ಲ, ಹರಡಿದ ಹಾಗೆ. ಡಾಕ್ಟರುಗಳು ಇದೇ ಪುರಾವೆ ಅಂದುಕೊಂಡು ಸಮಾಧಾನಪಟ್ಟರು. ಬೆಲ್‌ಗೆ ಸಮಾಧಾನ ಆಗಲಿಲ್ಲ. ಒಂದು ಗುಂಡು ಅಷ್ಟಗಲ ಸದ್ದು ಮಾಡಬಾರದು.

ಮಾರನೇ ಬೆಳಿಗ್ಗೆ ಅವನು ಮತ್ತೆ ಹೋಗಿ, ಹಾಸಿಗೆ ಹತ್ತಿರ ನಿಜವಾಗಲೂ ಲೋಹ ಇರಲಿಲ್ಲವೇ ಅಂತ ಕೇಳಿದ. ಆಗ ಅಲ್ಲಿದ್ದವರಿಗೆ ನೆನಪಾಯಿತು: ಕುದುರೆ ಕೂದಲಿನ ಹಾಸಿಗೆಯ ಅಡಿಯಲ್ಲಿ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇದೆ. ಜನಪ್ರಿಯ ಕಥೆ ಇಲ್ಲಿಗೆ ನಿಲ್ಲುತ್ತೆ. ಸ್ಪ್ರಿಂಗ್ ಕೆಡಿಸಿತು, ಬೆಲ್ ಸೋತ, ಗಾರ್ಫೀಲ್ಡ್ ಸತ್ತ ಅಂತ. ಬೆಲ್ ಅಲ್ಲಿಗೆ ನಿಲ್ಲಲಿಲ್ಲ. ಅಂಥದ್ದೇ ಇನ್ನೊಂದು ಹಾಸಿಗೆ ತರಿಸಿ ಪರೀಕ್ಷಿಸಿದ. ಅದು ದೊಡ್ಡ ದೊಡ್ಡ ಕಣ್ಣಿನ ಬಲೆಯಂಥ ಹೆಣಿಗೆ. ಮಂಚದ ಅಗಲಕ್ಕೆ ಹೋಲಿಸಿದರೆ ಸದ್ದು ಬಂದ ಜಾಗ ತೀರಾ ಸಣ್ಣದಿತ್ತು, ಹಾಗಾಗಿ ಹಾಸಿಗೆಯ ಮೇಲೆ ತಪ್ಪು ಹೊರಿಸಲು ಆಗಲ್ಲ ಅನ್ನೋದು 1882ರಲ್ಲಿ ಅವನು ವಿಜ್ಞಾನಿಗಳ ಸಭೆಯ ಮುಂದಿಟ್ಟ ವರದಿಯ ತೀರ್ಮಾನ. ನಿಜವಾದ ಕಾರಣವನ್ನು ಅದೇ ವರದಿಯ ಒಂದು ಅಡಿಟಿಪ್ಪಣಿಯಲ್ಲಿ ಹಾಕಿದ್ದಾನೆ: ಗುಂಡು ಅವನ ಯಂತ್ರಕ್ಕೆ ಎಟುಕದಷ್ಟು ಆಳದಲ್ಲಿತ್ತು.

ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡ. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿತು, ಎಡಗಡೆ, ಮೇದೋಜೀರಕ ಗ್ರಂಥಿಯ ಹಿಂದೆ. ಬೆನ್ನುಮೂಳೆ ತೂರಿ ಆಚೆ ಹೋಗಿ ಕೂತಿತ್ತು. ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಕೈ ತೊಳೆಯದ ಬೆರಳುಗಳಿಂದ ಹಬ್ಬಿದ ಕೀವು ಅಂತ ಇವತ್ತಿನ ವೈದ್ಯರು ಹೇಳ್ತಾರೆ. ಅಂದರೆ ಬೆಲ್ ಗುಂಡು ಹುಡುಕಿಕೊಟ್ಟಿದ್ದರೂ ಏನಾಗುತ್ತಿತ್ತೋ. ಆ ಕೈಗಳೇ ಮತ್ತೆ ಒಳಗೆ ಹೋಗುತ್ತಿದ್ದವು.

ಈ ವರದಿ ಓದಿದ ಮೇಲೆ ನಮ್ಮ ಸೈಟಿನ ಗೋಳು ಅರ್ಥವಾಗತೊಡಗಿತು. ಮೊದಲು ಆಳದ ಲೆಕ್ಕ. ಕಾಯಿಲ್‌ನಿಂದ ದೂರ ಹೋದ ಹಾಗೆ ಅದರ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತೆ. ಗುಂಡಿನಲ್ಲಿ ಹುಟ್ಟುವ ಎಡ್ಡಿ ಕರೆಂಟಿನ ಉತ್ತರ ವಾಪಸ್ ಬರುವಾಗ ಇನ್ನೊಂದು ಸಲ ಅಷ್ಟೇ ಕುಗ್ಗುತ್ತೆ. ಒಟ್ಟು ಆರನೇ ಘಾತ. ಆಳ ಎರಡು ಪಟ್ಟಾದರೆ ಸದ್ದು 64ರಲ್ಲಿ ಒಂದು ಪಾಲು. ಗೇನ್ ಜಾಸ್ತಿ ಮಾಡಿದರಾಯ್ತು ಅಂತ ನಾವೂ ಮಾಡಿದ್ದೆವು. ಆದರೆ ಗೇನ್‌ಗೆ ಗುಂಡು ಯಾವುದು, ಮಣ್ಣು ಯಾವುದು ಗೊತ್ತಿಲ್ಲ. ಗುಂಡು ಒಂದು ಗೇಣು ಕೆಳಗಿದೆ, ಮಣ್ಣು ಕಾಯಿಲ್‌ನ ಮೂಗಿನ ಕೆಳಗೇ ಇದೆ. ನಾವು ಕಿರುಚಿಸಿದ್ದು ಮಣ್ಣನ್ನು.

ನಮ್ಮ ಮಣ್ಣಾದರೂ ಎಂಥದು! ಬೆಂಗಳೂರಿನ ಅಡಿಯ ಗ್ನೈಸ್ ಬಂಡೆ ಸವೆದು ಆದ ಕೆಮ್ಮಣ್ಣು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು. ಆದರೆ ಕೆಂಪು ನೋಡಿ ಹೆದರಬೇಕಾಗಿಲ್ಲ. ಹೆಮಟೈಟ್ ಕಾಯಿಲ್‌ಗೆ ಹೆಚ್ಚು ತೊಂದರೆ ಕೊಡಲ್ಲ. ಕಾಟ ಕೊಡೋದು ಮ್ಯಾಗ್ನೆಟೈಟ್ ಮತ್ತು ಅದರ ಸೋದರ ಮ್ಯಾಗ್ಹೆಮೈಟ್. ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಳೆ ನಿಂತಮೇಲೆ ರಸ್ತೆ ಬದಿಯ ಮರಳಿನಲ್ಲಿ ಆಡಿಸಿ ನೋಡಿ. ಕಪ್ಪು ಕೂದಲಿನ ಹಾಗೆ ಅಂಟಿಕೊಳ್ಳುತ್ತಲ್ಲ, ಹೆಚ್ಚಿನ ಪಾಲು ಅದೇ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಅದಿರು ಇದೇ ಮ್ಯಾಗ್ನೆಟೈಟಿನದು. ಸಂಡೂರಿನ ಬೆಟ್ಟಗಳ ಕೆಂಪು ಅದಿರು ಬಹುಪಾಲು ಹೆಮಟೈಟ್. ಕರಾವಳಿಯ ಮುರಕಲ್ಲಿನ ಮಣ್ಣು ಬೇರೆಯೇ ತಂಟೆ. ಅದರಲ್ಲಿರಬಹುದಾದ ತೀರಾ ಸಣ್ಣ ಕಾಂತೀಯ ಕಣಗಳು ಕಾಯಿಲ್‌ನ ಕ್ಷೇತ್ರ ನಿಂತಮೇಲೂ ತುಸು ಹೊತ್ತು ನಿಧಾನವಾಗಿ ಉತ್ತರ ಕೊಡುತ್ತಾ ಇರುತ್ತವೆ, ಥೇಟ್ ಲೋಹದ ಹಾಗೆ. ನೆಲಬಾಂಬ್ ತೆಗೆಯುವವರಿಗೆ ಇಂಥ ನೆಲವೇ ದೊಡ್ಡ ತಲೆನೋವು. ನಮ್ಮ ಸೈಟಿನಲ್ಲಂತೂ ಇದರ ಮೇಲೆ ಕಟ್ಟುತಂತಿ ಚೂರು, ಕಂಬಿಯ ತುದಿ, ಒಡೆದ ಇಟ್ಟಿಗೆ. ಜೇಡಿ ಸುಟ್ಟಾಗ ಅದರೊಳಗಿನ ಕಬ್ಬಿಣ ಕಾಂತೀಯ ಆಗಿಬಿಡುತ್ತೆ, ಹಾಗಾಗಿ ಇಟ್ಟಿಗೆ ಚೂರೂ ಕುಂಯ್ ಅನ್ನುತ್ತೆ. ಅದಕ್ಕೆ ಅರ್ಧ ದಿನ ಅಗೆದಿದ್ದೇವೆ.

ಬೆಲ್‌ಗೆ ಇಲ್ಲದ ಒಂದು ಅನುಕೂಲ ನಮಗಿದೆ. ಅವನ ಕಿವಿಗೆ ಗೊತ್ತಾಗುತ್ತಿದ್ದದ್ದು ಸದ್ದು ಎಷ್ಟು ಜೋರು ಅನ್ನೋದು ಮಾತ್ರ. ಸದ್ದಿನ ಫೇಸ್ ಕಿವಿಗೆ ತಿಳಿಯಲ್ಲ. ಕಬ್ಬಿಣದ ಖನಿಜ ಇರುವ ಮಣ್ಣು ಕಾಯಿಲ್‌ಗಳ ನಡುವಿನ ಜೋಡಣೆಯನ್ನು ಬದಲಿಸುತ್ತೆ, ಆದರೆ ಅದರ ಉತ್ತರ ಹೆಚ್ಚೂಕಮ್ಮಿ ಕಳಿಸಿದ ಸಿಗ್ನಲ್ ಜೊತೆಗೇ ಬರುತ್ತೆ. ಲೋಹದಲ್ಲಿ ಎಡ್ಡಿ ಕರೆಂಟ್ ಹುಟ್ಟಿ ಉತ್ತರ ಹಿಂದೆ ಬೀಳುತ್ತೆ. ಈ ವ್ಯತ್ಯಾಸ ಹಿಡಿದುಕೊಂಡು, ಮಣ್ಣಿನ ಫೇಸ್‌ಗೆ ಸೊನ್ನೆ ಬರುವ ಹಾಗೆ ಡಿಟೆಕ್ಟರನ್ನು ತಿರುಗಿಸುವುದೇ ಗ್ರೌಂಡ್ ಬ್ಯಾಲೆನ್ಸ್. ಅದನ್ನು ಲ್ಯಾಬಿನ ಮೇಜಿನ ಮೇಲೆ ಮಾಡಿಕೊಂಡು ಬಂದರೆ ಪ್ರಯೋಜನ ಇಲ್ಲ. ಹುಡುಕಬೇಕಾದ ನೆಲದ ಮೇಲೇ, ಲೋಹ ಇಲ್ಲದ ಒಂದು ಜಾಗ ನೋಡಿ, ಕಾಯಿಲನ್ನು ಮೊಣಕಾಲೆತ್ತರದಿಂದ ನೆಲದ ಹತ್ತಿರಕ್ಕೆ ಮೇಲೆ ಕೆಳಗೆ ಆಡಿಸುತ್ತಾ, ಸದ್ದು ಏರದೆ ಇಳಿಯದೆ ನಿಲ್ಲುವ ತನಕ ತಿರುಗಿಸಬೇಕು. ಹತ್ತು ಹೆಜ್ಜೆ ಆಚೆ ಮಣ್ಣು ಬದಲಾದರೆ ಮತ್ತೆ ಮೊದಲಿಂದ.

ಕಾಯಿಲ್ ವಿಚಾರದಲ್ಲೂ ನಾವು ತಪ್ಪಿದ್ದೆವು. ದೊಡ್ಡ ಕಾಯಿಲ್ ಹಾಕಿದರೆ ಆಳ ಜಾಸ್ತಿ ಅಂತ ಅಡುಗೆಮನೆಯ ತಟ್ಟೆಯಷ್ಟು ಅಗಲ ಸುತ್ತಿದ್ದೆವು. ಖನಿಜ ಹೆಚ್ಚಿರುವ ನೆಲದಲ್ಲಿ ದೊಡ್ಡ ಕಾಯಿಲ್ ಒಂದೇ ಸಲಕ್ಕೆ ಬುಟ್ಟಿಗಟ್ಟಲೆ ಮಣ್ಣನ್ನೂ ನೋಡುತ್ತೆ. ಸಣ್ಣದು ಕಡಿಮೆ ಮಣ್ಣು ನೋಡುತ್ತೆ, ಹಾಗಾಗಿ ಗುಂಡಿನ ದನಿ ಗದ್ದಲದಲ್ಲಿ ಮುಳುಗಲ್ಲ. ಒಂದರೊಳಗೊಂದು ಇರುವ ಉಂಗುರಗಳಿಗಿಂತ, ಇಂಗ್ಲಿಷಿನ ಡಿ ಅಕ್ಷರದ ಎರಡು ಕಾಯಿಲ್ ಅಂಚಿಗೆ ಅಂಚು ಏರಿ ಕೂತಿರುವ ಡಬಲ್ ಡಿ ಇಂಥ ನೆಲಕ್ಕೆ ವಾಸಿ. ಅದು ನೋಡೋದು ನಡುವಿನ ಒಂದು ಕಿರಿದಾದ ಪಟ್ಟಿಯನ್ನು. ತಮಾಷೆ ಅಂದರೆ, ಎರಡು ಚಪ್ಪಟೆ ಕಾಯಿಲ್‌ಗಳನ್ನು ಅರ್ಧಂಬರ್ಧ ಒಂದರ ಮೇಲೊಂದು ಸರಿಸಿ ಮೌನ ಹುಡುಕುವ ಉಪಾಯವನ್ನು ಬೆಲ್ ಆಗಲೇ ಬಳಸಿದ್ದ. ಡಬಲ್ ಡಿ ಅದರದೇ ಮೊಮ್ಮಗ.

ಬೆಲ್‌ನ ಆ ಬೇಸಗೆ ಗಾರ್ಫೀಲ್ಡ್ ಮಂಚದ ಹತ್ತಿರವೇ ಮುಗಿಯಲಿಲ್ಲ. ಆಗಸ್ಟ್ 15ರಂದು ಮೇಬಲ್‌ಗೆ ದಿನ ತುಂಬುವ ಮೊದಲೇ ಹೆರಿಗೆ ಆಯಿತು. ಗಂಡುಮಗು, ಎಡ್ವರ್ಡ್. ಉಸಿರಾಡಲಾಗದೆ ಕೆಲವೇ ಗಂಟೆಯಲ್ಲಿ ಹೋಯಿತು. ಬೆಲ್ ಮಾಡಿದ್ದು ಅವನಿಗೆ ಗೊತ್ತಿದ್ದ ಒಂದೇ ಕೆಲಸ: ಎದೆಯ ಸುತ್ತ ಕಟ್ಟಿ ಗಾಳಿಯ ಒತ್ತಡ ಬದಲಿಸಿ ಉಸಿರಾಡಿಸುವ ಒಂದು ಕವಚ ಮಾಡಿದ. ಮುಂದೆ ಬಂದ ಐರನ್ ಲಂಗ್ ಯಂತ್ರಕ್ಕೆ ಅದು ಅಣ್ಣ. 1883ರಲ್ಲಿ ಇನ್ನೊಬ್ಬ ಮಗನೂ ಹುಟ್ಟಿದ ಕೂಡಲೇ ತೀರಿಕೊಂಡ. ಇಬ್ಬರು ಹೆಣ್ಣುಮಕ್ಕಳು ಉಳಿದರು.

ಗುಂಡು ಹುಡುಕುವ ಕೆಲಸವನ್ನೂ ಅವನು ಕೈಬಿಡಲಿಲ್ಲ. ರಾಷ್ಟ್ರಪತಿ ಸತ್ತ ಮೇಲೆ ಪತ್ರಿಕೆಗಳಿಗೆ ಆಸಕ್ತಿ ಹೋಯಿತು, ಇವನಿಗೆ ಹೋಗಲಿಲ್ಲ. ಯಂತ್ರವನ್ನು ತಿದ್ದಿ, ಇನ್ನೊಂದು ಸರಳ ಉಪಾಯವನ್ನೂ ಸೇರಿಸಿದ. ಟೆಲಿಫೋನಿನ ಒಂದು ತುದಿಗೆ ಸೂಜಿ, ಇನ್ನೊಂದು ತುದಿಗೆ ಚರ್ಮದ ಮೇಲಿಟ್ಟ ಲೋಹದ ತಗಡು. ಸೂಜಿ ಒಳಗೆ ಸೀಸಕ್ಕೆ ತಗಲಿದರೆ ದೇಹವೇ ಬ್ಯಾಟರಿ ಆಗಿ ಕಿವಿಯಲ್ಲಿ ಕ್ಲಿಕ್ ಅನ್ನುತ್ತೆ. ಎಕ್ಸ್‌ರೇ ಬರುವ ತನಕ ಟೆಲಿಫೋನ್ ಸಲಾಕಿಗಳು ಶಸ್ತ್ರವೈದ್ಯರ ಕೈಯಲ್ಲಿದ್ದವು. ಬೆಲ್ ಇದರಿಂದ ದುಡ್ಡು ಮಾಡಿದವನಲ್ಲ.

ಅವನನ್ನು ದೇವರು ಮಾಡಲಿಕ್ಕೂ ನಾವು ಹೊರಟಿಲ್ಲ. ಕಿವುಡರ ಜೊತೆ ಬದುಕಿದ ಇದೇ ಮನುಷ್ಯ ಕಿವುಡ ಮಕ್ಕಳಿಗೆ ಸನ್ನೆ ಭಾಷೆ ಬೇಡ, ಬಾಯಿಮಾತೇ ಕಲಿಸಬೇಕು ಅಂತ ಹಟ ಹಿಡಿದ. 1883ರಲ್ಲಿ ಒಂದು ಪ್ರಬಂಧ ಓದಿ, ಕಿವುಡರು ಕಿವುಡರನ್ನೇ ಮದುವೆಯಾಗುವುದು ಅಪಾಯ ಅಂದ. ಕಿವುಡರ ಸಮುದಾಯದಲ್ಲಿ ಆ ನೋವು ಇವತ್ತಿಗೂ ಇದೆ. ಗಾರ್ಫೀಲ್ಡ್ ವಿಷಯದಲ್ಲಿ ತನ್ನ ಅಳತೆಯನ್ನೇ ಅನುಮಾನಿಸಿ ಮಾರನೇ ಬೆಳಿಗ್ಗೆ ವಾಪಸ್ ಹೋದವನು, ಈ ವಿಷಯದಲ್ಲಿ ವಾಪಸ್ ಹೋಗಿ ಕೇಳಲಿಲ್ಲ.

ಮುಂದಿನ ವರ್ಷಗಳು ಹೆಚ್ಚಾಗಿ ಕೆನಡಾದ ನೋವಾ ಸ್ಕೋಶಿಯಾದ ಬ್ಯಾಡೆಕ್ ಊರಿನಲ್ಲಿ. ಗಾಳಿಪಟ, ವಿಮಾನ, ನೀರಿನ ಮೇಲೆ ಎದ್ದು ಓಡುವ ದೋಣಿ. ಅವನ ತಂಡದ ದೋಣಿ 1919ರಲ್ಲಿ ಗಂಟೆಗೆ 70 ಮೈಲಿ ದಾಟಿ ದಾಖಲೆ ಮಾಡಿತು, ಆಗ ಅವನಿಗೆ 72. 1922ರ ಆಗಸ್ಟ್ 2ರಂದು ತೀರಿಕೊಂಡ. ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳನ್ನೆಲ್ಲ ಒಂದು ನಿಮಿಷ ಸುಮ್ಮನಾಗಿಸಿದರಂತೆ.

ನಾವು ಮುಂದಿನ ಭಾನುವಾರ ಮತ್ತೆ ಅದೇ ಸೈಟಿಗೆ ಹೋದೆವು. ಈ ಸಲ ಅಂಗೈ ಅಗಲದ ಡಬಲ್ ಡಿ ಕಾಯಿಲ್, ಗೇನ್ ಅರ್ಧಕ್ಕೆ ಇಳಿಸಿದ್ದು, ಬ್ಯಾಲೆನ್ಸ್ ಮಾಡಿದ್ದು ಕೆಮ್ಮಣ್ಣಿನ ಮೇಲೆಯೇ. ನಿಧಾನಕ್ಕೆ, ನೆಲದಿಂದ ಎರಡು ಬೆರಳು ಮೇಲೆ ಒಂದೇ ಎತ್ತರದಲ್ಲಿ ಬೀಸಿದೆವು. ಸೀಸದ ಗುಂಡು ನಾಲ್ಕು ಬೆರಳು ಆಳದಲ್ಲಿದ್ದಾಗ ಸಿಕ್ಕಿತು, ಮೂರು ಸಲಕ್ಕೆ ಮೂರು ಸಲ. ಒಂದು ಗೇಣು ಆಳಕ್ಕೆ ಹೂತಾಗ ಏನೂ ಕೇಳಿಸಲಿಲ್ಲ. ಎರಡನ್ನೂ ವರದಿಯಲ್ಲಿ ಬರೆದಿದ್ದೇವೆ. ಮೇಸ್ತ್ರಿ ಮಾತ್ರ ನಿಧಿಯ ಆಸೆ ಬಿಟ್ಟಿಲ್ಲ. ನಿಧಿ ಸಿಕ್ಕರೆ ಸರ್ಕಾರಕ್ಕೆ ಒಪ್ಪಿಸಬೇಕು ಅನ್ನೋ ಕಾನೂನು ಇದೆ ಅಂತ ಅವರಿಗೆ ಹೇಳಿ, ಗುಂಡಿ ಮುಚ್ಚಿ ಬಂದೆವು.